ಕೊನೆಯ ಲಾಂಚ್ ಹೋದ ಮೇಲೆ

ಪುಣೆಗೆ ಕೆಲಸಕ್ಕೆ ಬಂದ ಹೊಸತರಲ್ಲಿ ಆಫೀಸಿನ ಗೆಳತಿಯರು ಮಳೆಗಾಲದ ಒಂದು ಶನಿವಾರ ನನ್ನನ್ನು ಮುಳಶಿಗೆ ಕರೆದುಕೊಂಡು ಹೋಗಿದ್ದರು. ಎಲ್ಲರೂ ಫೋಟೋ ತೆಗೆದುಕೊಳ್ಳುತ್ತಿದ್ದರೆ ನಾನು ನೀರನ್ನೇ ನೋಡುತ್ತ ನಿಂತಿದ್ದೆ. ಇದರ ಅಡಿಯಲ್ಲಿ ಯಾರ ಊರಿತ್ತು ಎಂದು ಕೇಳಿದೆ. ಒಬ್ಬ ಮರಾಠಿ ಗೆಳತಿಗೆ ಗೊತ್ತಿತ್ತು. 1921ರಲ್ಲಿ ಟಾಟಾ ಅಣೆಕಟ್ಟಿನ ವಿರುದ್ಧ ಇಲ್ಲಿನ ರೈತರು ಸೇನಾಪತಿ ಬಾಪಟರ ಮುಂದಾಳತ್ವದಲ್ಲಿ ಸತ್ಯಾಗ್ರಹ ಮಾಡಿದ್ದರಂತೆ. "ನಿನಗ್ಯಾಕೆ ಈ ಪ್ರಶ್ನೆ ಬಂತು?" ಎಂದಳು. ನನ್ನ ಅಮ್ಮನ ತವರು ಶರಾವತಿ ಹಿನ್ನೀರಿನ ಆಚೆ ದಡದಲ್ಲಿದೆ ಎಂದೆ. ಅಷ್ಟರಿಂದ ಅವಳಿಗೇನೂ ಅರ್ಥವಾದಂತೆ ಕಾಣಲಿಲ್ಲ. ಅವತ್ತು ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸಾಗರ ತಾಲ್ಲೂಕಿನ ಕರೂರು ಸೀಮೆ, ತುಮರಿಯ ಸುತ್ತಮುತ್ತಲಿನ ಹಳ್ಳಿಗಳು. ಸಿಗಂದೂರು ಚೌಡೇಶ್ವರಿಯ ದರ್ಶನಕ್ಕೆ ಹೋದವರಿಗೆ ದಾರಿ ಗೊತ್ತಿರುತ್ತದೆ. ಎಲ್ಲರೂ ಅದನ್ನು ದ್ವೀಪ ಎನ್ನುತ್ತಾರೆ. ನಕಾಶೆಯಲ್ಲಿ ನೋಡಿದರೆ ಅದು ಪೂರ್ತಿ ದ್ವೀಪವಲ್ಲ. ಮುಂದೆ ಹಿನ್ನೀರು, ಬೆನ್ನಿಗೆ ಪಶ್ಚಿಮ ಘಟ್ಟ. ಕಾಡಿನ ನಡುವೆ ಕೋಗಾರಿನ ಮೇಲೆ ಸುತ್ತಿ ಬರುವ ದಾರಿಯೊಂದಿದೆ. ಆದರೆ ಹೊಟ್ಟೆನೋವಿನಲ್ಲಿ ಒದ್ದಾಡುವವರನ್ನು ಆ ದಾರಿಯಲ್ಲಿ ಕರೆದೊಯ್ಯುವುದೆಂದರೆ ಏನೆಂದು ಅಲ್ಲಿಯವರಿಗೇ ಗೊತ್ತು.

ಈ ಭಾಗದ ಜನ ಎರಡು ಸಲ ಮುಳುಗಿದವರು. ಜೋಗದ ವಿದ್ಯುತ್ತಿಗಾಗಿ ಮೈಸೂರು ಸಂಸ್ಥಾನ ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಕಟ್ಟಿತು. 1948ರಲ್ಲಿ ಜೋಗದಲ್ಲಿ ವಿದ್ಯುತ್ ಉತ್ಪಾದನೆ ಶುರುವಾಯಿತು. ಆಮೇಲೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಆ ಹಳೆಯ ಅಣೆಕಟ್ಟೇ ನೀರೊಳಗೆ ಹೋಯಿತು! ಮಳೆ ಕೈಕೊಟ್ಟ ವರ್ಷ, ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಅದು ಮೇಲೆದ್ದು ಕಾಣುತ್ತದೆ. ತುಂಬಿದ ನೀರು ತಾನಾಗಿಯೇ ಹೊರಬೀಳುವಂತೆ ಮಾಡಿದ ಗಣೇಶ್ ಅಯ್ಯರ್ ಸೈಫನ್‌ಗಳು ಅಲ್ಲಿವೆ. ಎಂಟೆಕ್ ಓದುವಾಗ ಒಮ್ಮೆ ಅದನ್ನು ನೋಡಿ ಬೆರಗಾಗಿ ಅಜ್ಜಿಯ ಮುಂದೆ ಹೊಗಳಿದ್ದೆ. ಅಜ್ಜಿ ಎಲೆ ಮಡಿಸುತ್ತ, "ಚಂದ ಇರಬಹುದು. ನಮ್ಮ ಬಾವಿನೂ ಚಂದ ಇತ್ತು" ಎಂದಳು.

ಇನ್ನೊಂದು ವಿಷಯ ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಉಳುವವನಿಗೇ ಭೂಮಿ ಸಿಗಬೇಕು ಎಂಬ ಕಾಗೋಡು ಸತ್ಯಾಗ್ರಹ 1951ರಲ್ಲಿ ನಡೆದದ್ದು ಇದೇ ಸಾಗರ ತಾಲ್ಲೂಕಿನಲ್ಲಿ. ಲೋಹಿಯಾ ಬಂದು ಬಂಧನಕ್ಕೊಳಗಾದದ್ದೂ ಇಲ್ಲಿಯೇ. ಗೇಣಿಯವರು ಹಕ್ಕಿನ ಮಾತು ಆಡಲು ಕಲಿತ ಹದಿಮೂರೇ ವರ್ಷಕ್ಕೆ ಭೂಮಿಯೇ ಇಲ್ಲವಾಯಿತು. ನಾಡಿಗೆ ಬೆಳಕು ಬಂತು, ಸುಳ್ಳಲ್ಲ. ಮುಳುಗಡೆಯವರಿಗೆ ತೋರಿಸಿದ ಜಾಗದ ಹಕ್ಕುಪತ್ರದ ತಕರಾರು ಮಾತ್ರ ಮೊಮ್ಮಕ್ಕಳ ಕಾಲಕ್ಕೂ ಮುಗಿದಿಲ್ಲ. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಇದನ್ನೆಲ್ಲ ಹತ್ತಿರದಿಂದ ಕಂಡ ನಾ. ಡಿಸೋಜರು 'ಮುಳುಗಡೆ', 'ದ್ವೀಪ' ಬರೆದರು. 'ದ್ವೀಪ'ವನ್ನು ಗಿರೀಶ ಕಾಸರವಳ್ಳಿಯವರು ಸಿನಿಮಾ ಮಾಡಿದಾಗ ಸೌಂದರ್ಯ ನಟಿಸಿದ್ದಲ್ಲದೆ ನಿರ್ಮಾಪಕಿಯೂ ಆಗಿದ್ದರು. ನಮ್ಮ ಮನೆಯಲ್ಲಿ ಟಿವಿಯಲ್ಲಿ ಆ ಸಿನಿಮಾ ಬಂದರೆ ಅಜ್ಜಿ ಎದ್ದು ಒಳಗೆ ಹೋಗುತ್ತಿದ್ದಳು.

ನೀರು ಏರಿದಾಗ ಅಜ್ಜಿ ಹೊಸ ಸೊಸೆ. ಬಾಗಿಲು, ಕಂಬ, ಹೆಂಚು ಕಳಚಿ ಎತ್ತರದ ಜಾಗಕ್ಕೆ ಹೊತ್ತು ಮನೆ ಕಟ್ಟಿದರು. ಸಾಗರ ಪೇಟೆ ಇದ್ದಲ್ಲಿಯೇ ಇತ್ತು, ನಡುವೆ 300 ಚದರ ಕಿಲೋಮೀಟರಿಗೂ ಮೀರಿ ಹರಡಿದ ನೀರು ಬಂದು ನಿಂತಿತ್ತು. ಮುಂದೆ ಅಂಬಾರಗೋಡ್ಲು-ಕಳಸವಳ್ಳಿ ನಡುವೆ ಲಾಂಚ್ ಬಂತು. ಊರಿನ ಗಡಿಯಾರವೇ ಅದಾಯಿತು. ಮದುವೆ ಮುಹೂರ್ತ, ಶಾಲೆ, ಕೋರ್ಟಿನ ವಾಯಿದೆ, ಹೆಣ್ಣು ನೋಡಲು ಬರುವವರ ಊಟ, ಎಲ್ಲವೂ ಲಾಂಚಿನ ಹೊತ್ತಿಗೆ. ಸಂಜೆ ಕೊನೆಯ ಲಾಂಚ್ ಹೋಯಿತೆಂದರೆ ಆ ದಿನ ಮುಗಿದಂತೆ.

ನಮ್ಮ ಕಡೆ ಚೊಚ್ಚಲ ಬಸುರಿಯನ್ನು ಹೆರಿಗೆಗೆ ತವರಿಗೆ ಕರೆತರುವುದು ಪದ್ಧತಿ. ಕರೂರು ಸೀಮೆಯಲ್ಲಿ ಅದು ಬೇರೆಯೇ ಆಗಿತ್ತು. ಸೀಮಂತ ಮುಗಿಸಿ ಮಗಳನ್ನು ತವರಿಗೆ ಕರೆತರುತ್ತಿದ್ದರು. ಎಂಟು ತಿಂಗಳು ತುಂಬಿದ ಕೂಡಲೇ ತಾಯಿ, ಮಗಳು, ಬಾಣಂತಿ ಮದ್ದಿನ ಡಬ್ಬ ಸಮೇತ ತವರೇ ಹೊಳೆ ದಾಟಿ ಸಾಗರದಲ್ಲಿ ನೆಂಟರ ಮನೆಯಲ್ಲೋ ಬಾಡಿಗೆಯ ಒಂದು ಕೋಣೆಯಲ್ಲೋ ಕೂರುತ್ತಿತ್ತು. ನಾನು ಹುಟ್ಟಿದ್ದೂ ಹಾಗೆಯೇ. ಅಕ್ಕಪಕ್ಕದ ಮನೆಯ ಹೆಂಗಸರು ಸರದಿಯಲ್ಲಿ ಬಂದು ಜೊತೆಗಿರುತ್ತಿದ್ದರು, ಇತ್ತ ನಮ್ಮ ದನಕರುಗಳನ್ನು ನೋಡಿಕೊಳ್ಳುತ್ತಿದ್ದರು. ಇದನ್ನು ಯಾವ ಇಲಾಖೆಯೂ ಮಾಡಿದ್ದಲ್ಲ, ಹೆಂಗಸರೇ ಮಾಡಿಕೊಂಡದ್ದು.

ನಮ್ಮ ಮನೆಯಲ್ಲಿ ಇದು ಕಟ್ಟುನಿಟ್ಟಾದದ್ದಕ್ಕೆ ಕಾರಣ ನನ್ನ ಸೋದರತ್ತೆ. ನಾನು ಹುಟ್ಟುವುದಕ್ಕೆ ಎರಡು ವರ್ಷ ಮೊದಲು ಅವಳಿಗೆ ಎರಡನೆಯ ಹೆರಿಗೆ. ಅಡಿಕೆ ಸುಲಿಯುವ ಕಾಲ, ದಿನವೂ ಇನ್ನಷ್ಟಿದೆ, ವಾರ ಬಿಟ್ಟು ದಾಟಿದರಾಯಿತು ಎಂದು ಉಳಿದಳು. ರಾತ್ರಿ ನೋವು ಬಂತು. ಕಂಬಳಿಯ ಜೋಲಿಯಲ್ಲಿ ಹೊತ್ತು ಕಡವಿಗೆ ತಂದರು. ಸೂಡಿ ಹಚ್ಚಿ ಬೀಸಿದರು, ಕೂಗಿದರು. ಲಾಂಚ್ ಆಚೆ ದಡದಲ್ಲಿ ನಿಂತಿತ್ತು. ಅಲ್ಲಿ ಯಾರೋ ಎದ್ದು, ನಡೆಸುವವರನ್ನು ಹುಡುಕಿ ಕರೆದು ತರುವ ಹೊತ್ತಿಗೆ ದಡದಲ್ಲೇ ಹೆರಿಗೆಯಾಗಿತ್ತು. ಮಗು ಅಳಲಿಲ್ಲ. ಅತ್ತೆ ಉಳಿದಳು. ರಾತ್ರಿ ಎದ್ದು ಬಂದವರನ್ನು ಮನೆಯಲ್ಲಿ ಯಾರೂ ಬಯ್ಯಲಿಲ್ಲ. ಅಡಿಕೆಯನ್ನು ಮಾತ್ರ ಅಜ್ಜಿ ಬಹಳ ವರ್ಷ ಬಯ್ದಳು.

ರಜೆಯಲ್ಲಿ ಹೋಗುತ್ತಿದ್ದ ನನಗೆ ಆ ಊರಷ್ಟು ಭದ್ರವಾದ ಜಾಗ ಬೇರೆ ಇರಲಿಲ್ಲ. ಬಾಗಿಲಿಗೆ ಬೀಗವೇ ಇಲ್ಲ. ಕತ್ತಲಾದ ಮೇಲೂ ನಾವು ಹುಡುಗಿಯರು ಮನೆಯಿಂದ ಮನೆಗೆ ಓಡಾಡುತ್ತಿದ್ದೆವು. ಹೊರಗಿನವರು ಯಾರೇ ಬಂದರೂ ಲಾಂಚಿನಲ್ಲೇ ಬರಬೇಕು, ಬಂದದ್ದು ಊರಿಗೆಲ್ಲ ತಿಳಿಯಬೇಕು. ಒಮ್ಮೆ ಇದನ್ನೇ ಅತ್ತೆಗೆ ಹೇಳಿದೆ. "ಹೌದು ಮಾರಾಯ್ತಿ, ಕಳ್ಳರು ಬರ್ತಿರಲಿಲ್ಲ. ಗಂಡನ ಹತ್ರ ಹೊಡೆಸಿಕೊಂಡವಳೂ ಬೆಳಗಿನ ಲಾಂಚ್ ತನಕ ಅದೇ ಮನೇಲಿ ಇರಬೇಕಿತ್ತು" ಎಂದಳು. ಆಮೇಲೆ ನಾನು ಆ ಭದ್ರತೆಯನ್ನು ಮೊದಲಿನಂತೆ ಹೊಗಳಿಲ್ಲ.

2020ರ ಲಾಕ್‌ಡೌನಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಕೆಲವು ತಿಂಗಳು ಅಲ್ಲೇ ಇದ್ದೆ. ಸಿಗ್ನಲ್‌ಗಾಗಿ ಗುಡ್ಡ ಹತ್ತಬೇಕಿತ್ತು. ಮೀಟಿಂಗ್ ನಡುವೆ ಮಳೆ ಬಂದರೆ ಕೊಡೆ ನನಗಲ್ಲ, ಲ್ಯಾಪ್‌ಟಾಪಿಗೆ. ನನಗದು ತಮಾಷೆಯ ಕತೆ. ಹಾವು ಕಚ್ಚಿದವರ ಮನೆಯವರೂ ಫೋನ್ ಹಿಡಿದು ಅದೇ ಗುಡ್ಡ ಹತ್ತಬೇಕು. ಇನ್ನು 2023ರ ಬೇಸಿಗೆಯಲ್ಲಿ ನೀರು ಎಷ್ಟು ಇಳಿಯಿತೆಂದರೆ ಲಾಂಚಿನಲ್ಲಿ ವಾಹನ ಸಾಗಿಸುವುದನ್ನೇ ನಿಲ್ಲಿಸಿದರು. ತುಂಬಿದರೂ ಕಷ್ಟ, ಬತ್ತಿದರೂ ಕಷ್ಟ.

ಸೇತುವೆ ಬೇಕೆಂದು ಅಲ್ಲಿಯವರು ಕೇಳುತ್ತಲೇ ಬಂದಿದ್ದರು. 2018ರಲ್ಲಿ ಅಡಿಗಲ್ಲು ಬಿತ್ತು. 2025ರ ಜುಲೈ 14ರಂದು ಸುಮಾರು 2.44 ಕಿ.ಮೀ. ಉದ್ದದ ಕೇಬಲ್ ಸೇತುವೆ ತೆರೆಯಿತು. ನೀರು ತುಂಬಿ ಅರವತ್ತು ವರ್ಷ ದಾಟಿತ್ತು. ಪುಣೆಯಲ್ಲಿ ಕೂತು ಮೊಬೈಲಿನಲ್ಲಿ ಆ ದೃಶ್ಯ ನೋಡಿ ನಾನು ಅತ್ತೆಗೆ ಫೋನ್ ಮಾಡಿದೆ. ಅವಳು ಅಷ್ಟೇನೂ ಸಂಭ್ರಮಪಡಲಿಲ್ಲ. "ಬಂತಲ್ಲ" ಎಂದಳು.

ಈಚೆಗೆ ಹೋದಾಗ ಬೇರೆಯೇ ಮಾತು ಕೇಳಿದೆ. ರಾತ್ರಿ ಹನ್ನೊಂದಕ್ಕೂ ಕಾರುಗಳು ಬರುತ್ತವೆ. ಹಿನ್ನೀರಿನ ದಡದಲ್ಲಿ ಬಾಟಲಿಗಳು. ರಸ್ತೆ ಬದಿಯಲ್ಲಿ ದನ ಹೊಡೆದುಕೊಂಡು ಬರುವವರಿಗೆ ವೇಗದ ಭಯ. ಬಟ್ಟೆ ಒಗೆಯಲು ನೀರಿಗಿಳಿಯುವ ಹೆಂಗಸರನ್ನು ಯಾರೋ ದಡದಲ್ಲಿ ನಿಂತು ಫೋಟೋ ತೆಗೆಯುತ್ತಾರೆ. ಅತ್ತೆಯ ಮನೆಯ ಮುಂಬಾಗಿಲಿಗೆ ಮೊದಲ ಸಲ ಬೀಗ ಬಂದಿತ್ತು. ಹಾಗೆಂದು ಸೇತುವೆ ಬೇಡವಿತ್ತು ಎಂದು ಒಬ್ಬ ಹೆಂಗಸೂ ಹೇಳಲಿಲ್ಲ. ಅವರು ಕೇಳುವುದು ದಾರಿದೀಪ, ರಾತ್ರಿ ಪೊಲೀಸ್ ಗಸ್ತು, ಹತ್ತಿರದಲ್ಲೇ ರಾತ್ರಿಯೂ ಸಿಗುವ ವೈದ್ಯರು. ಸೇತುವೆ ಇದೆಯಲ್ಲ, ಸಾಗರಕ್ಕೇ ಹೋಗಿ ಎಂಬ ಉತ್ತರ ಅವರಿಗೆ ಬೇಡ.

ಕಳೆದ ತಿಂಗಳು ಅತ್ತೆಯ ಫೋನ್ ಬಂತು. ಪಕ್ಕದ ಮನೆಯ ಸೊಸೆಗೆ ನಡುರಾತ್ರಿ ನೋವು ಬಂದು, ಕಾರಿನಲ್ಲಿ ಜೊತೆಗೆ ಇವಳೇ ಹೋಗಿದ್ದಳಂತೆ. ಒಂದು ಗಂಟೆಯೊಳಗೆ ಸಾಗರದ ಆಸ್ಪತ್ರೆ. ಹೆಣ್ಣು ಮಗು, ಚೆನ್ನಾಗಿದೆ. ಸೇತುವೆಯ ಮೇಲೆ ಕಡವು ಎಲ್ಲಿತ್ತೆಂದು ನೋಡಬೇಕೆಂದುಕೊಂಡಳಂತೆ, ಕತ್ತಲಲ್ಲಿ ಏನೂ ಕಾಣಲಿಲ್ಲವಂತೆ.

"ಬೆಳಿಗ್ಗೆ ವಾಪಸ್ ಬಂದು ನೋಡ್ತೀನಿ, ಬಾಗಿಲು ಹಾರುಹೊಡೆದಿತ್ತು ಕಣೇ. ಬೀಗ ಹಾಕೋದೇ ಮರ್ತು ಹೋಗಿದ್ದೆ" ಎಂದು ನಕ್ಕಳು.