ನಗರ ಸೀಮೆಯೂ ರೈಲುಹಾದಿಯೂ

ಅಮೆರಿಕಾ ಖಂಡವನ್ನು ರೈಲಿನಲ್ಲಿ ದಾಟಿದವರ ಪ್ರವಾಸಕಥನಗಳನ್ನು ನಮ್ಮಲ್ಲಿ ಅನೇಕರು ಓದಿರುವೆವು. 1869ನೆಯ ಇಸವಿ ಮೇ 10ನೆಯ ತಾರೀಖು ಯೂಟಾ ಸೀಮೆಯ ಪ್ರಾಮಂಟರಿ ಎಂಬ ಸ್ಥಳದಲ್ಲಿ, ಪೂರ್ವದಿಂದ ಬಂದ ಹಳಿಗಳೂ ಪಶ್ಚಿಮದಿಂದ ಬಂದ ಹಳಿಗಳೂ ಒಂದುಗೂಡಿದುವು. ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಪ್ರಯಾಣವು ಸುಮಾರು ಒಂದು ವಾರದ ಮಾತಾಯಿತು. ಹಳಿಯ ಬೆನ್ನು ಹಿಡಿದು ಹೊಸ ಪಟ್ಟಣಗಳು ಎದ್ದುವು. ಆ ನೆಲದ ಮೂಲನಿವಾಸಿಗಳಾದರೋ ತಮ್ಮ ನೆಲೆಯನ್ನು ಕಳೆದುಕೊಂಡರು. ಆ ದೇಶದ ಬಯಲುಗಳಲ್ಲಿ ಬಹುಮಟ್ಟಿಗೆ ರೈಲು ಮೊದಲು, ಊರು ಆಮೇಲೆ. ನಮ್ಮ ಮಲೆನಾಡಿನಲ್ಲಿ ಈ ಕ್ರಮವು ತಿರುಗುಮುರುಗು. ಇಲ್ಲಿ ಊರುಗಳು ಹಳೆಯವು, ರಾಜಧಾನಿಗಳೂ ಹಳೆಯವು. ರೈಲು ಕಡೆಗೆ ಬಂದಿತು. ಹಾಗೆ ಬಂದ ರೈಲು ನಗರ ಸೀಮೆಯ ಮುಖವನ್ನು ಯಾವ ದಿಕ್ಕಿಗೆ ತಿರುಗಿಸಿತು ಎಂಬುದೇ ಈಗ ನಾವು ವಿಚಾರಮಾಡತಕ್ಕ ಸಂಗತಿ.

ಸಾಗರ, ಹೊಸನಗರ, ತೀರ್ಥಹಳ್ಳಿಗಳನ್ನೊಳಗೊಂಡ ಈ ಸೀಮೆಯು ಕೆಳದಿಯ ನಾಯಕರ ಕಾಲದಲ್ಲಿ ಪಶ್ಚಿಮಾಭಿಮುಖವಾಗಿದ್ದಿತು. ಕೆಳದಿ, ಇಕ್ಕೇರಿ, ಬಿದನೂರು ಎಂಬ ಮೂರು ರಾಜಧಾನಿಗಳೂ ಘಟ್ಟದ ಮೇಲೆಯೇ ಇದ್ದರೂ, ರಾಜ್ಯದ ಐಶ್ವರ್ಯದ ಬಹುಭಾಗ ಘಟ್ಟದ ಕೆಳಗಿನ ಬಂದರುಗಳಿಂದ ಬರುತ್ತಿದ್ದಿತು. ಮೇಲಿನ ಮೆಣಸು, ಕೆಳಗಿನ ಅಕ್ಕಿ, ಎರಡೂ ಹೊನ್ನಾವರ, ಭಟ್ಕಳ, ಬಸರೂರು, ಮಂಗಳೂರುಗಳಿಂದ ಹಡಗನ್ನೇರುತ್ತಿದ್ದುವು. ಶಿವಪ್ಪನಾಯಕನು 1650ರ ದಶಕದಲ್ಲಿ ಈ ತೀರದ ಪೋರ್ಚುಗೀಸರ ಕೋಟೆಗಳನ್ನು ಹಿಡಿದುದಕ್ಕೆ ಈ ವ್ಯಾಪಾರವೇ ಮುಖ್ಯ ಕಾರಣ. ಅಂದಿನ ಮಲೆನಾಡಿಗೆ ಕಡಲೇ ಹೆಬ್ಬಾಗಿಲು.

ಆ ಬಾಗಿಲಿನಿಂದ ಒಳಹೊಕ್ಕವರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಾಲ್ಲೆ ಒಬ್ಬನು. ಗೋವೆಯಿಂದ ವೆಂಕಟಪ್ಪನಾಯಕನ ಆಸ್ಥಾನಕ್ಕೆ ಹೊರಟ ರಾಯಭಾರಿಯೊಡನೆ 1623ರಲ್ಲಿ ಹೊನ್ನಾವರಕ್ಕೆ ಬಂದು, ದೋಣಿಯಲ್ಲಿ ಗೇರುಸೊಪ್ಪೆಯವರೆಗೆ ಸಾಗಿ, ಅಲ್ಲಿಂದ ಘಟ್ಟವನ್ನು ಹತ್ತಿ ಇಕ್ಕೇರಿಯನ್ನು ಸೇರಿದನು. ದಾರಿಯಲ್ಲಿ ಒಂದು ಗುಡಿಯ ಜಗಲಿಯ ಮೇಲೆ ಮಕ್ಕಳು ಮರಳನ್ನು ಹರಡಿ, ಬೆರಳಿನಿಂದ ಲೆಕ್ಕ ಬರೆದು, ರಾಗವಾಗಿ ಹೇಳಿಕೊಳ್ಳುತ್ತ ಕಲಿಯುತ್ತಿದ್ದುದನ್ನು ಅವನು ನಿಂತು ನೋಡಿ ಬರೆದಿಟ್ಟಿದ್ದಾನೆ. ನಡಿಗೆಯ ಪ್ರಯಾಣದಲ್ಲಿ ಇಂತಹ ಲಾಭವುಂಟು.

1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದು ಅದಕ್ಕೆ ಹೈದರನಗರವೆಂದು ಹೆಸರಿಟ್ಟನು. ಜನರ ಬಾಯಲ್ಲಿ ಅದು ಬರಿಯ ನಗರವಾಗಿ ಉಳಿಯಿತು. ಆದರೆ ಈ ಸೀಮೆಗೆ ನಿಜವಾದ ಪೆಟ್ಟು ಬಿದ್ದುದು 1799ರಲ್ಲಿ. ಶ್ರೀರಂಗಪಟ್ಟಣವು ಬಿದ್ದ ಬಳಿಕ ಘಟ್ಟದ ಮೇಲಿನ ನೆಲ ಮೈಸೂರಿನ ಅರಸರಿಗೆ, ಕೆಳಗಿನ ಕನ್ನಡ ಜಿಲ್ಲೆ ಇಂಗ್ಲಿಷರ ಕಂಪೆನಿಗೆ ಎಂದು ಪಾಲಾಯಿತು. ಒಂದೇ ದೊರೆತನದೊಳಗಿದ್ದ ಮೆಣಸಿನ ತೋಟಕ್ಕೂ ಬಂದರಿಗೂ ನಡುವೆ ಗಡಿ ಎದ್ದಿತು. ನಗರದ ಕೋಟೆಯಲ್ಲಿ ಗಿಡಗಂಟಿ ಬೆಳೆಯಿತು. ಮುಂದೆ ತಾಲ್ಲೂಕಿನ ಕಚೇರಿಯೂ ಕಲ್ಲೂರುಕಟ್ಟೆಗೆ ಸರಿದು, ಆ ಊರೇ ಹೊಸನಗರವೆನಿಸಿತು.

ರೈಲು ಬಂದುದು ಹೀಗೆ ಕಡಲಿನ ಕಡೆಗೆ ಬಾಗಿಲು ಮುಚ್ಚಿದ್ದ ನಾಡಿಗೆ. ಬೀರೂರಿನಿಂದ ಕವಲೊಡೆದ ಹಾದಿ 1899ರಲ್ಲಿ ಶಿವಮೊಗ್ಗವನ್ನು ಮುಟ್ಟಿತು. ಅನೇಕ ವರ್ಷ ಅಲ್ಲಿಯೇ ನಿಂತು, 1930ರ ದಶಕದಲ್ಲಿ ಮುಂದಕ್ಕೆ ಬೆಳೆದು, 1940ರ ಹೊತ್ತಿಗೆ ಕುಂಸಿ, ಅರಸಾಳು, ಆನಂದಪುರ, ಸಾಗರಗಳ ಮೂಲಕ ತಾಳಗುಪ್ಪವನ್ನು ಸೇರಿತು. ಶಿವಮೊಗ್ಗದಿಂದ ಅಲ್ಲಿಗೆ ಸುಮಾರು 60 ಮೈಲಿ. ಮೈಸೂರು ಸಂಸ್ಥಾನಕ್ಕೆ ಕಡಲತೀರವಿರಲಿಲ್ಲ. ಭಟ್ಕಳವನ್ನು ಸಂಸ್ಥಾನದ ಬಂದರಾಗಿ ಬೆಳೆಸಬೇಕೆಂದು ದಿವಾನ್ ವಿಶ್ವೇಶ್ವರಯ್ಯನವರು ಬಯಸಿದ್ದರೂ ಅದು ಕೈಗೂಡಲಿಲ್ಲ. ಭಟ್ಕಳವು ಅಂದು ಮುಂಬಯಿ ಆಧಿಪತ್ಯಕ್ಕೆ ಸೇರಿದ್ದಿತು. ಅಮೆರಿಕೆಯ ಹಳಿಗಳು ಎರಡು ಸಮುದ್ರಗಳ ಕಡೆಯ ನಾಡುಗಳನ್ನು ಬೆಸೆದುವು. ನಮ್ಮವು ಒಂದು ಸಮುದ್ರವನ್ನೂ ಕಾಣದೆ ಕಾಡಿನ ಅಂಚಿನಲ್ಲಿ ನಿಂತುವು.

ಹೀಗೆ ನಗರ ಸೀಮೆಯು ಪೂರ್ವಾಭಿಮುಖವಾಯಿತು. ಕಡಲಿಗೆ ಇಳಿಯುತ್ತಿದ್ದ ಸರಕು ಬಯಲುಸೀಮೆಗೆ ಹೊರಟಿತು. ಓದಿಗೂ ಉದ್ಯೋಗಕ್ಕೂ ಹೊರಟ ತರುಣರು ಬೆಂಗಳೂರಿನ ಕಡೆಗೆ ನೋಡಿದರು. ರೈಲು ಹಾದ ಸಾಗರವು ಪೇಟೆಯಾಗಿ ಬೆಳೆಯಿತು. ಹೊಸನಗರ ತಾಲ್ಲೂಕಿಗೆ ದೊರೆತುದು ಅಂಚಿನಲ್ಲಿರುವ ಅರಸಾಳಿನಂತಹ ಸಣ್ಣ ನಿಲ್ದಾಣ. ತೀರ್ಥಹಳ್ಳಿಗೆ ಅದೂ ಇಲ್ಲ. ಹಳೆಯ ರಾಜಧಾನಿಯಾದ ನಗರವಂತೂ ಹಾದಿಯಿಂದ ಬಹುದೂರ ಉಳಿಯಿತು. ಆದರೆ ಅದರ ಅವನತಿಗೆ ರೈಲೇ ಕಾರಣವೆಂದರೆ ಅನ್ಯಾಯವಾದೀತು. ಗಡಿಯು ಮೊದಲೇ ಮಾಡಿದ್ದ ಕೆಲಸವನ್ನು ಹಳಿಯು ಸ್ಥಿರಪಡಿಸಿತು, ಅಷ್ಟೆ.

ತಾಳಗುಪ್ಪದಿಂದ ಹತ್ತು ಮೈಲಿಯಷ್ಟು ಮುಂದೆ ಜೋಗವಿದೆ. ಅಲ್ಲಿ 1948ರಲ್ಲಿ ವಿದ್ಯುತ್ತು ಹುಟ್ಟತೊಡಗಿತು; ಅದೂ ಹರಿದುದು ಬಹುಮಟ್ಟಿಗೆ ಪೂರ್ವಕ್ಕೇ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದಾಗ ಶರಾವತಿಯ ನೀರು ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಹಳ್ಳಿಗಳನ್ನು ನುಂಗಿತು. ಗದ್ದೆ, ತೋಟ, ಮನೆದೇವರ ಗುಡಿಗಳನ್ನು ಬಿಟ್ಟು ಜನ ಗುಳೆ ಎದ್ದರು. ಬೆಂಗಳೂರಿನ ದೀಪಗಳ ಬೆಲೆಯನ್ನು ತೆತ್ತವರಲ್ಲಿ ಇವರೂ ಸೇರಿದ್ದಾರೆಂಬುದನ್ನು ಪಟ್ಟಣವಾಸಿಗಳಾದ ನಾವು ಮರೆಯಲಾಗದು.

1956ರಲ್ಲಿ ಕನ್ನಡನಾಡು ಒಂದಾಗಿ ಘಟ್ಟದ ಮೇಲಣ ಗಡಿ ಅಳಿಯಿತು. 1998ರಲ್ಲಿ ಕೊಂಕಣ ರೈಲು ಹೊನ್ನಾವರ, ಭಟ್ಕಳಗಳ ಮೂಲಕ ಓಡಿತು. 2011ರಲ್ಲಿ ತಾಳಗುಪ್ಪದವರೆಗೆ ಅಗಲ ಹಳಿ ಬಂದಿತು. ರಾತ್ರಿ ಬೆಂಗಳೂರಿನಲ್ಲಿ ಹತ್ತಿದವರು ಈಗ ಬೆಳಗಾಗುವಾಗ ಮಲೆನಾಡಿನ ಹಸುರಿನಲ್ಲಿ ಕಣ್ಣು ತೆರೆಯುವರು. ಎರಡು ಹಳಿಗಳ ನಡುವಣ ಘಟ್ಟವನ್ನು ಕಡಿದು ಕೂಡಿಸಬೇಕೆಂಬ ಮಾತು ಆಗಾಗ ಏಳುವುದು. ಸಿಂಗಳೀಕ ವಾಸಿಸುವ ಆ ಕಾಡನ್ನು ಕಾಯಬೇಕೆಂಬ ಮಾತೂ ಅಷ್ಟೇ ಬಲವಾಗಿರುವುದು. ಎರಡು ಮಾತಿಗೂ ತೂಕವುಂಟು. ತೀರ್ಮಾನಮಾಡುವವರು ಈ ಸೀಮೆಯ ಹಳೆಯ ಮುಖವನ್ನೂ ಅರಿತಿರಬೇಕು. ಜೋಗವನ್ನು ನೋಡಲು ಹೊರಟ ನಾವೂ ತಾಳಗುಪ್ಪದಲ್ಲಿ ಇಳಿದಾಗ ಒಂದು ಗಳಿಗೆ ಪಶ್ಚಿಮಕ್ಕೆ ತಿರುಗಿ ನೋಡುವುದೊಳ್ಳೆಯದು. ರೈಲು ಅಲ್ಲಿ ನಿಲ್ಲುವುದು. ಇಕ್ಕೇರಿಯಿಂದ ಹೊನ್ನಾವರಕ್ಕೆ ಇಳಿಯುತ್ತಿದ್ದ ಹಳೆಯ ದಾರಿಗೆ ಅಲ್ಲಿಂದ ಮುಂದೆಯೇ ಘಟ್ಟವೂ ಕಡಲೂ ಇದ್ದುವು.