ಹೆಸರು ಹಿಡಿದು ಎಣಿಸುವುದು: ಕನ್ನಡ ಸಂಶೋಧನೆಯಲ್ಲಿ ಉಲ್ಲೇಖದ ಲೆಕ್ಕ

ಜತ್ತ ತಾಲೂಕಿನ ಸಂಖದಿಂದ ಮಾತಾಡ್ತಾ ಇದೀನಿ. ನಡುವೆ ಧ್ವನಿ ಕಡಿದರೆ ಚಾಟ್‌ನಲ್ಲಿ ಬರೀರಿ, ಅಲ್ಲಿಂದಲೇ ಮತ್ತೆ ಹೇಳ್ತೀನಿ.

ಇವತ್ತಿನ ವಿಷಯ, ಸಂಶೋಧಕರ ಸಾಧನೆ ಮತ್ತು ಅದರ ಪ್ರಭಾವವನ್ನು ಅಳೆಯುವುದು. ನಮ್ಮ ಕಡೆ ಇದರ ಮಾತು ಬಂದರೆ ಸಾಮಾನ್ಯವಾಗಿ ಒಂದೇ ದೂರು ಕೇಳಿಸ್ತದ: ಸ್ಕೋಪಸ್‌ಗೆ ಕನ್ನಡ ಗೊತ್ತಿಲ್ಲ, ನಮ್ಮನ್ನ ಲೆಕ್ಕಕ್ಕೇ ಹಿಡಿಯೋದಿಲ್ಲ. ದೂರು ನಿಜ. ಆದರೆ ಅದು ಅರ್ಧ ನಿಜ ಅನ್ನೋದು ನನ್ನ ವಾದ. ಲೆಕ್ಕಕ್ಕೆ ಸಿಗಬೇಕಾದ ಹೆಸರುಗಳನ್ನ ಯಂತ್ರಕ್ಕಿಂತ ಮೊದಲು ನಮ್ಮ ಅಡಿಟಿಪ್ಪಣಿಗಳೇ ಬಿಟ್ಟುಬಿಟ್ಟಿವೆ. ಇದನ್ನ ಚರಿತ್ರೆಯಿಂದಲೇ ತೋರಿಸಲು ಪ್ರಯತ್ನ ಮಾಡ್ತೀನಿ.

ಮೊದಲು ಈ ಅಳತೆ ಎಲ್ಲಿಂದ ಬಂತು ನೋಡೋಣ. ಇದರ ಮೂಲ ವಕೀಲರ ಕಚೇರಿಯಲ್ಲಿದೆ. ಅಮೆರಿಕದಲ್ಲಿ 1873ರಿಂದ 'ಶೆಪರ್ಡ್ಸ್ ಸೈಟೇಶನ್ಸ್' ಎಂಬ ಸೂಚಿ ಬರತೊಡಗಿತು. ಒಂದು ಹಳೆಯ ತೀರ್ಪನ್ನು ಆಮೇಲಿನ ಯಾವ ಯಾವ ತೀರ್ಪುಗಳು ಎತ್ತಿಕೊಂಡಿವೆ ಅನ್ನೋದರ ಪಟ್ಟಿ ಅದು. ಬರೀ ಪಟ್ಟಿ ಅಲ್ಲ, ಆ ತೀರ್ಪನ್ನು ಎತ್ತಿಹಿಡಿದಿದ್ದಾರೋ ತಳ್ಳಿಹಾಕಿದ್ದಾರೋ ಅನ್ನೋ ಗುರುತೂ ಅದರಲ್ಲಿ ಇರತಿತ್ತು. ಯೂಜಿನ್ ಗಾರ್ಫೀಲ್ಡ್ 1955ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ, ವಿಜ್ಞಾನದ ಲೇಖನಗಳಿಗೂ ಇಂಥದ್ದೊಂದು ಸೂಚಿ ಬೇಕು ಅಂತ ಬರೆದರು. 1964ರ ಹೊತ್ತಿಗೆ ಅವರ 'ಸೈನ್ಸ್ ಸೈಟೇಶನ್ ಇಂಡೆಕ್ಸ್' ಚಾಲ್ತಿಗೆ ಬಂತು. ಯಾರು ಯಾರನ್ನು ಎತ್ತಿಕೊಂಡರು ಅನ್ನೋದು ಉಳೀತು, ಒಪ್ಪಿದರೋ ಅಲ್ಲಗಳೆದರೋ ಅನ್ನೋ ಗುರುತು ಬಿಟ್ಟುಹೋಯಿತು. ಹುಡುಕೋದಕ್ಕೆ ಮಾಡಿದ ಸೂಚಿ ನಿಧಾನಕ್ಕೆ ತೂಗೋ ತಕ್ಕಡಿ ಆಯ್ತು.

(ನಮ್ಮ ಗ್ರಂಥಪಾಲಕ ಗೆಳೆಯರು ಬೇಜಾರಾಗಬಾರದು ಅಂತ ಒಂದು ಮಾತು: ಗ್ರಂಥಾಲಯದ ಕೆಲಸಕ್ಕೆ ಗಣಿತ ಬಳಸೋದಕ್ಕೆ 'ಲೈಬ್ರಮೆಟ್ರಿ' ಅಂತ 1948ರಲ್ಲೇ ಹೆಸರಿಟ್ಟವರು ಎಸ್. ಆರ್. ರಂಗನಾಥನ್. ಅವರು ಕೊನೆಯ ವರ್ಷಗಳನ್ನ ಕಳೆದದ್ದು ಬೆಂಗಳೂರಿನಲ್ಲಿ.)

ಆಮೇಲೆ 2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಷ್ ಎಚ್-ಇಂಡೆಕ್ಸ್ ತಂದರು. ಲೆಕ್ಕ ಸುಲಭ ಅದ. ಕನಿಷ್ಠ ಹತ್ತು ಹತ್ತು ಸಲ ಉಲ್ಲೇಖವಾದ ಹತ್ತು ಬರಹ ನಿಮ್ಮವಿದ್ದು, ಹನ್ನೊಂದನೆಯದು ಆ ಮಟ್ಟಕ್ಕೆ ಬರದಿದ್ದರೆ ನಿಮ್ಮ ಎಚ್ ಹತ್ತು. ಮೇಲಿಂದ ಮೇಲೆ ಸಣ್ಣ ಲೇಖನ ಬರೆಯುವ ಶಾಸ್ತ್ರಗಳಿಗೆ ಇದು ಹೊಂದತದ. ಈಗ ಇದನ್ನ ಆರ್. ನರಸಿಂಹಾಚಾರ್ಯರ 'ಕರ್ಣಾಟಕ ಕವಿಚರಿತೆ'ಗೆ ಹಚ್ಚಿ ನೋಡ್ರಿ. ಮೂರು ಸಂಪುಟ: 1907, 1919, 1929. ಕನ್ನಡ ಎಂ.ಎ. ಮಾಡಿದವರು ಯಾರೂ ಇದನ್ನ ದಾಟದೆ ಮುಂದೆ ಹೋಗಿಲ್ಲ. ಕವಿಚರಿತೆಯೊಂದನ್ನೇ ಇಟ್ಟುಕೊಂಡು ಎಣಿಸಿದರೆ, ಸಂಪುಟಕ್ಕೊಂದರಂತೆ ಹಿಡಿದರೂ, ಲಕ್ಷ ಸಲ ಉಲ್ಲೇಖವಾದರೂ ಎಚ್ ಮೂರರ ಮೇಲೆ ಹೋಗೋದಿಲ್ಲ. ಇಪ್ಪತ್ತೆರಡು ವರ್ಷಗಳ ಅಂತರದಲ್ಲಿ ಬಂದ ಪುಸ್ತಕಕ್ಕೆ ಮೂರು!

ಇಲ್ಲಿ ಇನ್ನೊಂದು ಸ್ವಾರಸ್ಯ ಅದ. ಕವಿಚರಿತೆ ಒಂದು ರೀತಿಯಲ್ಲಿ ಉಲ್ಲೇಖ ಸೂಚಿಯೇ. ನಮ್ಮ ಹಳೆಯ ಕವಿಗಳು ಕಾವ್ಯದ ಆರಂಭದಲ್ಲಿ ಪೂರ್ವಕವಿಗಳನ್ನು ನೆನೀತಾರೆ. ನೆನೆದವನು ಈಚೆಯವನು, ನೆನೆಸಿಕೊಂಡವನು ಆಚೆಯವನು. ಕಾಲ ಸಿಗದ ಕವಿಗಳನ್ನ ಹಿಂದೆ ಮುಂದೆ ಕೂಡಿಸೋದಕ್ಕೆ ನರಸಿಂಹಾಚಾರ್ಯರು ಹಿಡಿದ ದಾರಿಗಳಲ್ಲಿ ಇದು ಒಂದು. ಅಂದ್ರೆ ಗಾರ್ಫೀಲ್ಡ್‌ಗಿಂತ ಅರ್ಧ ಶತಮಾನ ಮೊದಲು ಕನ್ನಡದಲ್ಲಿ ಉಲ್ಲೇಖಗಳ ಜಾಡು ಹಿಡಿದು ಕೆಲಸ ನಡೆದಿತ್ತು. ಅದರ ಉದ್ದೇಶ ತೂಕ ಮಾಡೋದಾಗಿರಲಿಲ್ಲ, ಕಾಲ ಗೊತ್ತುಮಾಡೋದಾಗಿತ್ತು. ಹಾಗೆ ಎಣಿಸುವಾಗ ಉಲ್ಲೇಖದ ಧಾಟಿಯನ್ನೂ ಓದಬೇಕಾಗತದ. ಪೊನ್ನ ಅಸಗನ ಹೆಸರು ಹೇಳೋದು ಕನ್ನಡ ಕವಿತೆಯಲ್ಲಿ ತಾನು ಅವನಿಗಿಂತ ನೂರು ಪಟ್ಟು ಮೇಲು ಅಂತ ಹೇಳಿಕೊಳ್ಳೋದಕ್ಕೆ. ಯಂತ್ರ ಇದನ್ನ ಅಸಗನ ಖಾತೆಗೆ ಒಂದು ಅಂತ ಜಮಾ ಮಾಡತದ. ಶೆಪರ್ಡ್ ಆಗಿದ್ದರೆ ಪಕ್ಕದಲ್ಲೊಂದು ಗುರುತು ಹಾಕತಿದ್ದರು.

ಈ ಚರಿತ್ರೆಯಲ್ಲಿ ನನಗೆ ಬಹಳ ಹಿಡಿಸಿದ್ದು 13ನೆಯ ಶತಮಾನದ ಒಂದು ಮನೆಯ ಕತೆ. ತಂದೆ ಮಲ್ಲಿಕಾರ್ಜುನ 'ಸೂಕ್ತಿಸುಧಾರ್ಣವ' ಕೂಡಿಸಿದ. ಹಿಂದಿನ ಕಾವ್ಯಗಳಿಂದ ಚೆಂದದ ಪದ್ಯಗಳನ್ನ ಆರಿಸಿ ವರ್ಣನೆಗಳ ಪ್ರಕಾರ ಜೋಡಿಸಿದ ಸಂಕಲನ. ಆದರೆ ಪದ್ಯ ಯಾರದು ಅಂತ ಹೇಳಲಿಲ್ಲ. ಇದ್ದ ಕಾವ್ಯಗಳ ಜೊತೆ ತಾಳೆ ನೋಡಿ ವಿದ್ವಾಂಸರು ಎಷ್ಟೋ ಪದ್ಯಗಳ ಒಡೆಯರನ್ನ ಹುಡುಕಿದರು, ಉಳಿದವು ಅನಾಥವಾಗಿ ಉಳಿದವು. ಮಗ ಕೇಶಿರಾಜ 'ಶಬ್ದಮಣಿದರ್ಪಣ' ಬರೆದ. ಅವನ ಉದಾಹರಣೆಗಳಿಗೂ ಹೆಸರಿನ ಚೀಟಿ ಇಲ್ಲ, ಆದರೆ ಆರಂಭದಲ್ಲೇ ಒಂದು ಪದ್ಯದಲ್ಲಿ ತನಗೆ ಪ್ರಮಾಣವಾದ ಕವಿಗಳ ಪಟ್ಟಿ ಕೊಟ್ಟ: ಗಜಗ, ಗುಣನಂದಿ, ಮನಸಿಜ, ಅಸಗ, ಚಂದ್ರಭಟ್ಟ, ಗುಣವರ್ಮ, ಶ್ರೀವಿಜಯ, ಹೊನ್ನ, ಹಂಪ, ಸುಜನೋತ್ತಂಸ. ಇವರಲ್ಲಿ ಗಜಗನ ಕಾವ್ಯ ನಮಗೆ ಸಿಕ್ಕಿಲ್ಲ. ಅಸಗನ ಸಂಸ್ಕೃತ ಕೃತಿ ಅದ, ಕನ್ನಡದ್ದು ಇಲ್ಲ. ಅವರು ಕನ್ನಡ ಕವಿಗಳಾಗಿದ್ದರು ಅಂತ ಇವತ್ತು ನಮಗೆ ಗೊತ್ತಿರೋದೇ ಇಂಥ ಉಲ್ಲೇಖಗಳಿಂದ. ತಂದೆ ಪದ್ಯ ಉಳಿಸಿದ, ಹೆಸರು ಕಳೆದ. ಮಗ ಹೆಸರು ಉಳಿಸಿದ. ನಮ್ಮ ವಿಭಾಗಗಳಲ್ಲಿ ತಂದೆಯ ಪದ್ಧತಿಯೇ ಮುಂದುವರಿದಿದೆ ಅಂತ ನನಗನಿಸತದ.

ಯಾಕ ಅಂತೀರಾ? ಬಿ. ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದಿಂದ ಒಂದು ಶಾಸನ ಎತ್ತಿಕೊಂಡಾಗ ನಾವು ಏನು ಬರೀತೀವಿ? ಎ.ಕ., ಸಂಪುಟದ ಅಂಕಿ, ತಾಲೂಕಿನ ಹೆಸರು, ಶಾಸನದ ಅಂಕಿ. ಉಲ್ಲೇಖ ತಾಲೂಕಿಗೆ ಹೋಯಿತು! ಓದಿದವರಿಗೆ ಇಲ್ಲ, ಬಿಸಿಲಿನಲ್ಲಿ ಕಲ್ಲು ತೊಳೆದು ಅಚ್ಚು ತೆಗೆದವರಿಗಂತೂ ಇಲ್ಲವೇ ಇಲ್ಲ. ವಚನಕ್ಕೂ ಹಿಂಗೇ. ಈಗ ಎಲ್ಲರೂ ಬರೆಯೋದು 'ಸ.ವ.ಸಂ.' ಅಂತ. ಅಂದ್ರೆ 1993ರಲ್ಲಿ ಕರ್ನಾಟಕ ಸರಕಾರ ಹದಿನೈದು ಸಂಪುಟಗಳಲ್ಲಿ ತಂದ ಸಮಗ್ರ ವಚನ ಸಂಪುಟ. ಆ ಮೂರಕ್ಷರದೊಳಗ ಪ್ರಧಾನ ಸಂಪಾದಕರಾದ ಎಂ. ಎಂ. ಕಲಬುರ್ಗಿಯವರೂ ಮುಚ್ಚಿಹೋದರು, ಅವರಿಗಿಂತ ಹಿಂದಿನ ಫ. ಗು. ಹಳಕಟ್ಟಿಯವರೂ ಮುಚ್ಚಿಹೋದರು.

ಸಂಖದಿಂದ ನಮ್ಮ ಜಿಲ್ಲಾ ಕೇಂದ್ರ ಸಾಂಗಲಿಗಿಂತ ವಿಜಯಪುರ ಬಹಳ ಹತ್ತಿರ. ಹಾಗಾಗಿ ಹಳಕಟ್ಟಿಯವರು ನಮಗೆ ಮಗ್ಗುಲ ಮನೆಯವರಿದ್ದಂಗ. ಅವರೂ ವಕೀಲರೇ. ಮನೆ ಮನೆ ಸುತ್ತಿ ತಾಡೋಲೆ, ಕಡತ ಕೂಡಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ತಂದರು. 1926ರಲ್ಲಿ 'ಶಿವಾನುಭವ' ಪತ್ರಿಕೆ ಸುರು ಮಾಡಿದರು. ತೀರಿಕೊಂಡದ್ದು 1964ರಲ್ಲಿ, ಗಾರ್ಫೀಲ್ಡ್ ಸೂಚಿ ಚಾಲ್ತಿಗೆ ಬಂದ ಕಾಲಕ್ಕೆ. ವಚನಗಳ ಮೇಲಿನ ಇವತ್ತಿನ ಲೇಖನಗಳನ್ನ ತೆಗೆದು ನೋಡ್ರಿ, ಪೀಠಿಕೆಯಲ್ಲಿ 'ವಚನ ಪಿತಾಮಹ' ಅನ್ನೋ ಬಿರುದು ಇರತದ, ಅಡಿಟಿಪ್ಪಣಿಯಲ್ಲಿ ಅವರ ಆವೃತ್ತಿ ಇರೋದಿಲ್ಲ. ನರಸಿಂಹಾಚಾರ್ಯರಿಗೆ 'ಪ್ರಾಕ್ತನ ವಿಮರ್ಶ ವಿಚಕ್ಷಣ'. ನಾವು ಬಿರುದು ಕೊಡೋದರಲ್ಲಿ ಉದಾರಿಗಳು, ಪುಟಸಂಖ್ಯೆ ಕೊಡೋದರಲ್ಲಿ ಜಿಪುಣರು.

ಒಂದು ಕೆಲಸ ಎಲ್ಲರ ಅರಿವಿನೊಳಗ ಬೆರೆತುಹೋದಾಗ ಅದರ ಮೂಲದ ಹೆಸರು ಹೇಳೋದೇ ನಿಂತುಹೋಗತದ ಅಂತ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಗುರುತಿಸಿದ್ದರು. ಅಂದ್ರೆ ಪ್ರಭಾವ ತೀರ ಹೆಚ್ಚಾದಾಗ ಉಲ್ಲೇಖ ಕಡಿಮೆಯಾಗಬಹುದು. ನಿಘಂಟು, ಶಾಸನ ಸಂಪುಟ, ಗ್ರಂಥಸಂಪಾದನೆ, ಕವಿಚರಿತೆ, ಕನ್ನಡ ಸಂಶೋಧನೆಯ ದೊಡ್ಡ ಕೆಲಸಗಳೆಲ್ಲ ಇಂಥವೇ. ಕಿಟೆಲ್ ಅವರ 1894ರ ನಿಘಂಟು ನೋಡಿ ಅರ್ಥ ಬರೆದವರು ಎಷ್ಟು ಮಂದಿ, 'ಕಿಟೆಲ್ ನೋಡಿದೆ' ಅಂತ ಬರೆದವರು ಎಷ್ಟು ಮಂದಿ?

ಗಡಿಯ ಈಚೆ ಇನ್ನೊಂದು ತೊಡಕು. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿದ್ದ ಕೆ. ಜಿ. ಕುಂದಣಗಾರರು 1939ರಲ್ಲಿ ಉತ್ತರ ಕರ್ನಾಟಕ ಮತ್ತು ಕೊಲ್ಹಾಪುರ ಸಂಸ್ಥಾನದ ಶಾಸನಗಳ ಸಂಪುಟ ತಂದರು. 1961ರ ಗದಗ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದವರು. ಈ ಭಾಗದ ಕನ್ನಡದ ಬಗ್ಗೆ ಬರೆಯುವವರು ಅವರನ್ನ ಬಿಟ್ಟು ಹೋಗೋ ಹಂಗಿಲ್ಲ. ಆದರೆ ಅವರ ಹೆಸರನ್ನ ರೋಮನ್ ಲಿಪಿಯಲ್ಲಿ ಒಬ್ಬೊಬ್ಬರು ಒಂದೊಂದು ಬಗೆ ಬರೀತಾರೆ, ಯಂತ್ರಕ್ಕೆ ಅವರು ಬೇರೆ ಬೇರೆ ಮನುಷ್ಯರು. ಶಂಬಾ ಜೋಶಿಯವರದು ಇನ್ನೂ ಕಠಿಣ. ಕನ್ನಡದಲ್ಲಿ ಅಷ್ಟು ಬರೆದವರು, 1952ರಲ್ಲಿ ಮರಾಠಿ ಸಂಸ್ಕೃತಿಯ ಸಮಸ್ಯೆಗಳ ಬಗ್ಗೆ ಮರಾಠಿಯಲ್ಲೇ ಪುಸ್ತಕ ಬರೆದರು. ಕನ್ನಡದವರು ಕನ್ನಡದ್ದು ಎಣಿಸಿದರು, ಮರಾಠಿಯವರು ಮರಾಠಿಯದು. ಎರಡೂ ಕೂಡಿಸಿ ನೋಡುವ ಸೂಚಿ ಎಲ್ಲಿದೆ?

ಆಡಳಿತದ ಚರಿತ್ರೆ ಬೇಗ ಮುಗಿಸ್ತೀನಿ, ನಿಮಗೆಲ್ಲ ನನಗಿಂತ ಹೆಚ್ಚು ಗೊತ್ತು. 2010ರ ಯುಜಿಸಿ ನಿಯಮಗಳಿಂದ ಎಪಿಐ ಅಂಕಗಳು ಬಂದವು. 2019ರಲ್ಲಿ ಕೇರ್ ಪಟ್ಟಿ ಬಂತು, 2025ರ ಫೆಬ್ರವರಿಯಲ್ಲಿ ಅದನ್ನ ಕೈಬಿಟ್ಟಿದ್ದಾಗಿ ಯುಜಿಸಿ ಪ್ರಕಟಿಸಿತು. ಎನ್‌ಐಆರ್‌ಎಫ್ ಮಾತ್ರ ಸ್ಕೋಪಸ್, ವೆಬ್ ಆಫ್ ಸೈನ್ಸ್ ನೋಡೇ ಅಂಕ ಹಾಕತದ. 2015ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಲೈಡನ್ ಪ್ರಣಾಳಿಕೆ, ಸ್ಥಳೀಯ ಮಹತ್ವದ ಸಂಶೋಧನೆಯನ್ನ ಇಂಥ ಅಳತೆಗಳಿಂದ ಕಾಪಾಡಬೇಕು ಅಂತ ಹೇಳಿದೆ. ನಾವದನ್ನ ಸೆಮಿನಾರುಗಳಲ್ಲಿ ಎತ್ತಿ ಹೇಳ್ತೀವಿ. ಆದರೆ ಕಾಪಾಡಬೇಕಾದ್ದು ಏನೇನು ಅಂತ ಪಟ್ಟಿ ಕೇಳಿದರೆ ನಮ್ಮ ಹತ್ತಿರ ಇಲ್ಲ.

ಈಗ ನಮ್ಮೂರಿನ ಕಡೆಯ ಸಂಗತಿ. ಇಲ್ಲೊಬ್ಬರು ನಿವೃತ್ತ ಕನ್ನಡ ಶಾಲೆ ಮಾಸ್ತರು ಇದ್ದಾರೆ. ಹೆಸರು ಹೇಳೋದಿಲ್ಲ, ಅವರೇ ಬ್ಯಾಡ ಅಂದಿದ್ದಾರೆ. ಹಂತಿಪದ, ಡೊಳ್ಳಿನ ಪದ, ಗುಡಿಯ ಮುಂದಿನ ಕಲ್ಲಿನ ಅಕ್ಷರ, ಹೊಲಗಳ ಹಳೆಯ ಹೆಸರು, ಎಲ್ಲ ವಹಿಗಳಲ್ಲಿ ಬರೆದಿಟ್ಟಿದ್ದಾರೆ. ಯಾರು ಹಾಡಿದರು, ಯಾವ ಊರು, ಯಾವ ಅಮಾವಾಸ್ಯೆ, ಅದೂ ಅದ. ಸಂಶೋಧನೆಗೆ ಅಂತ ಬಂದ ಹುಡುಗ ಹುಡುಗಿಯರಿಗೆ ಚಹಾ ಕೊಟ್ಟು ವಹಿ ಕೊಟ್ಟು ಕಳಿಸ್ತಾರೆ. ಆ ವಹಿಗಳಿಂದ ತೆಗೆದ ಪದಗಳಿರೋ ಮೂರು ಪ್ರಬಂಧಗಳನ್ನ ನಾನು ನೋಡಿದೀನಿ. ಒಂದರಲ್ಲಿ ಕೃತಜ್ಞತೆಯ ಪುಟದಲ್ಲಿ ಮಾಸ್ತರ ಹೆಸರು ಅದ. ಇನ್ನೆರಡರಲ್ಲಿ 'ಕ್ಷೇತ್ರಕಾರ್ಯದಿಂದ' ಅಂತ ಅಷ್ಟೇ. ಹಾಡಿದವರ ಹೆಸರು ಮೂರರಲ್ಲೂ ಇಲ್ಲ, ವಹಿಯಲ್ಲಿ ಇದ್ದರೂ. ಒಂದು ವಹಿ ತಿರುಗಿ ಬಂದಿಲ್ಲ. ಈಗ ಮಾಸ್ತರು ಯಾರಿಗೂ ವಹಿ ಕೊಡೋದಿಲ್ಲ, ಅಲ್ಲೇ ಕೂತು ಬರಕೋರಿ ಅಂತಾರೆ. ಅವರ ಮಗ ಪುಣೆಯಲ್ಲಿದ್ದಾನೆ, ಮೊಮ್ಮಕ್ಕಳಿಗೆ ಕನ್ನಡ ಓದಲಿಕ್ಕೆ ಬರೋದಿಲ್ಲ. ಆ ವಹಿಗಳು ಯಾರ ಕೈಗೆ ಹೋಗತಾವು ಅನ್ನೋದರ ಮೇಲೆ ಜತ್ತ ತಾಲೂಕಿನ ಕನ್ನಡದ ಎಷ್ಟೋ ಸಂಗತಿ ನಿಂತದ. ಇದಕ್ಕೆ ಸ್ಕೋಪಸ್ ಹೊಣೆ ಅಲ್ರಿ.

ಚರ್ಚೆಯಲ್ಲಿ ಒಬ್ಬರು ಮೇಡಂ ಕೇಳಿದರು: ಹಾಗಾದ್ರೆ ಎಣಿಸೋದೇ ಬ್ಯಾಡ ಅಂತೀಯೇನಪ್ಪಾ? ಎಣಿಸೋದು ಬೇಕು ಅಂತೀನಿ. ಎಣಿಸದೆ ಇದ್ದಾಗ ಪರಿಚಯ, ಜಾತಿ, ಊರು ಇವೇ ತಕ್ಕಡಿ ಆಗಿದ್ದವು, ಗಡಿಯಾಚೆಯಿಂದ ಬಂದ ನಮ್ಮಂಥವರಿಗೆ ಅದೂ ಸುಖ ಕೊಟ್ಟಿಲ್ಲ. ಇನ್ನೊಬ್ಬ ಗೆಳೆಯರು ಚಾಟ್‌ನಲ್ಲಿ ಬರೆದರು: ವಹಿಗೆ ಪ್ರಕಾಶಕರಿಲ್ಲ, ವರ್ಷ ಇಲ್ಲ, ಅದನ್ನ ಉಲ್ಲೇಖಿಸೋದು ಹೆಂಗ? ನನ್ನ ಕಿರುಪ್ರಬಂಧದಲ್ಲಿ ನಾನು ಮಾಡ್ತಿರೋದನ್ನ ಹೇಳ್ತೀನಿ, ಒಪ್ಪಿಗೆಯಾದ್ರೆ ನೀವೂ ಬಳಸ್ರಿ. ಮೊದಲು ಹಾಡಿದವರ ಹೆಸರು, ಅವರು ಒಪ್ಪಿದರೆ. ಒಪ್ಪದಿದ್ದರೆ ಊರು ಮತ್ತು ಹಾಡಿಕೆಯ ಸಂದರ್ಭ. ಆಮೇಲೆ ಬರೆದುಕೊಂಡವರು. ಆಮೇಲೆ ವಹಿಯ ಅಂಕಿ, ಪುಟ, ವಹಿ ಈಗ ಯಾರ ಮನೆಯಲ್ಲಿದೆ, ನಾನು ನೋಡಿದ ದಿನಾಂಕ. ಶಾಸನವಾದ್ರೆ ಎ.ಕ. ಅಂಕಿಯ ಮೊದಲು ಸಂಪಾದಕರ ಹೆಸರು, ವಚನವಾದ್ರೆ ಸ.ವ.ಸಂ. ಜೊತೆಗೆ ಅದು ಮೊದಲು ಅಚ್ಚಾದ ಆವೃತ್ತಿ. ಅಡಿಟಿಪ್ಪಣಿ ಉದ್ದ ಆಗತದ. ಮಾರ್ಗದರ್ಶಕರು ಒಂದು ಸಲ ಗೊಣಗಿದರು, ಆಮೇಲೆ ಮಾಸ್ತರ ಮನೆಯ ವಿಳಾಸ ಕೇಳಿದರು.