ಕ್ಯಾಮೆರಾ ಕಲಿಸುವ ಪುಸ್ತಕಗಳ ಕಥೆ

ನಾವು ಐದು ಜನ ಗೆಳೆಯರು ದುಡ್ಡು ಕೂಡಿಸಿ ಒಂದು ಮಿರರ್‌ಲೆಸ್ ಕ್ಯಾಮೆರಾ ಕೊಂಡೆವು. ಜೊತೆಗೆ ಅದೇ ಮಾಡೆಲ್ಲಿನ ದಪ್ಪನೆಯ ಗೈಡ್ ಪುಸ್ತಕವನ್ನೂ ತರಿಸಿದೆವು. ಯಾವ ಬಟನ್ ಎಲ್ಲಿದೆ, ಯಾವ ಮೆನುವಿನಲ್ಲಿ ಏನಿದೆ ಎಲ್ಲವೂ ಅದರಲ್ಲಿತ್ತು. ಅದನ್ನು ಓದಿಕೊಂಡು ಪಕ್ಕದೂರಿನ ಬಯಲಾಟಕ್ಕೆ ಹೋದೆವು. ಹಿರಿಯ ಕಲಾವಿದರೊಬ್ಬರು ಅವತ್ತು ಕೊನೆಯ ಸಲ ವೇಷ ಹಾಕಿದ್ದರು. ಸದ್ದಾಗಬಾರದೆಂದು ಸೈಲೆಂಟ್ ಶಟರ್ ಇಟ್ಟು ರಾತ್ರಿಯಿಡೀ ಫೋಟೊ ತೆಗೆದೆವು. ಬೆಳಿಗ್ಗೆ ಕಂಪ್ಯೂಟರಿನಲ್ಲಿ ನೋಡಿದರೆ ಫೋಟೊಗಳ ತುಂಬ ಅಡ್ಡಡ್ಡ ಕಪ್ಪು ಪಟ್ಟೆ!

ಹಾಗಾದರೆ ನಾವು ಕೊಂಡದ್ದು ಎಂಥ ಪುಸ್ತಕ? ಇಂಥ ಪುಸ್ತಕಗಳ ಚರಿತ್ರೆ ನೋಡಿದಾಗ ಉತ್ತರ ಸಿಕ್ಕಿತು.

ಕ್ಯಾಮೆರಾದ ಜೊತೆಗೇ ಪುಸ್ತಕವೂ ಹುಟ್ಟಿತು. 1839ರ ಆಗಸ್ಟ್ 19ರಂದು ಪ್ಯಾರಿಸ್ಸಿನಲ್ಲಿ ಲೂಯಿ ಡಾಗೇರ್ ಅವರ ಫೋಟೊ ವಿಧಾನವನ್ನು ಬಹಿರಂಗಪಡಿಸಲಾಯಿತು. ಅದೇ ವರ್ಷ ಅವರ ಕೈಪಿಡಿ ಅಚ್ಚಾಗಿ, ಬೇಗನೆ ಹಲವು ಭಾಷೆಗಳಿಗೆ ಹೋಯಿತು. ಬೆಳ್ಳಿ ಲೇಪದ ತಾಮ್ರದ ತಗಡನ್ನು ಉಜ್ಜಬೇಕು, ಅಯೋಡಿನ್ ಹೊಗೆ ಕೊಡಬೇಕು, ಆಮೇಲೆ ಪಾದರಸದ ಆವಿ ಹಿಡಿಸಬೇಕು. ಪುಸ್ತಕವಿಲ್ಲದೆ ಫೋಟೊ ಸಾಧ್ಯವೇ ಇರಲಿಲ್ಲ.

1888ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ ಕೊಡಕ್ ಕ್ಯಾಮೆರಾ ತಂದರು. ಬೆಲೆ 25 ಡಾಲರ್, ಒಳಗೆ 100 ಫೋಟೊಗಳ ಫಿಲ್ಮ್. ದಾರ ಎಳೆ, ಬಟನ್ ಒತ್ತು, ಕೀಲಿ ತಿರುಗಿಸು, ಇಷ್ಟೇ ಪಾಠ. ಫಿಲ್ಮ್ ತೊಳೆಯುವ ಕೆಲಸ ಕಂಪನಿಯದು.

ಆದರೆ ಬಟನ್ ಒತ್ತಿದ ಮಾತ್ರಕ್ಕೆ ಒಳ್ಳೆಯ ಫೋಟೊ ಬರುವುದಿಲ್ಲ. ಆನ್ಸೆಲ್ ಆಡಮ್ಸ್ 1948ರಲ್ಲಿ ‘ದಿ ನೆಗೆಟಿವ್’ ಪುಸ್ತಕ ತಂದರು. ಬೆಳಕನ್ನು ಅಳೆಯುವುದು ಹೇಗೆ, ಎಷ್ಟು ಕತ್ತಲೆ ಉಳಿಸಬೇಕು ಎಂಬುದು ಅದರ ಪಾಠ. ಫಿಲ್ಮ್ ಮೂಲೆ ಸೇರಿದರೂ ಆ ಪಾಠ ಹಳತಾಗಿಲ್ಲ.

2008ರಲ್ಲಿ ಪ್ಯಾನಸಾನಿಕ್‌ನ ಲುಮಿಕ್ಸ್ ಜಿ1 ಬಂತು. ಒಳಗಿನ ಕನ್ನಡಿ ತೆಗೆದು, ಸೆನ್ಸರ್ ಕಂಡದ್ದನ್ನೇ ನೇರವಾಗಿ ಪರದೆಯಲ್ಲಿ ತೋರಿಸಿತು. ಮಿರರ್‌ಲೆಸ್ ಕಾಲ ಶುರುವಾದದ್ದು ಹೀಗೆ. ಮೆನು ಉದ್ದವಾಯಿತು, ಗೈಡೂ ದಪ್ಪವಾಯಿತು. ಆದರೆ ಅಪ್‌ಡೇಟ್ ಬಂದರೆ ಮೆನುವೇ ಬದಲಾಗಬಹುದು. ಆಗ ಪುಸ್ತಕದ ಪುಟ ಒಂದು ಹೇಳುತ್ತದೆ, ಕ್ಯಾಮೆರಾ ಇನ್ನೊಂದು ತೋರಿಸುತ್ತದೆ.

ನಮ್ಮ ಪಟ್ಟೆಯ ಗುಟ್ಟನ್ನು ಪೇಟೆಯ ಹಳೆಯ ಸ್ಟುಡಿಯೋದವರು ಬಿಡಿಸಿದರು. ನಮ್ಮ ಕರೆಂಟಿನಲ್ಲಿ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಸೈಲೆಂಟ್ ಶಟರಿನಲ್ಲಿ ಸೆನ್ಸರ್ ಚಿತ್ರವನ್ನು ಸಾಲುಸಾಲಾಗಿ ಓದುತ್ತದೆ. ಬೆಳಕು ಕುಗ್ಗಿದಾಗ ಓದಿದ ಸಾಲುಗಳು ಕಪ್ಪಾಗುತ್ತವೆ. ಮೆಕ್ಯಾನಿಕಲ್ ಶಟರ್ ಹಾಕಿ, ವೇಗವನ್ನು 1/100 ಅಥವಾ 1/50ಕ್ಕೆ ಇಳಿಸಿದ್ದರೆ ಸಾಕಿತ್ತು. ಸೈಲೆಂಟ್ ಶಟರ್ ಎಲ್ಲಿದೆ ಎಂದು ನಮ್ಮ ಗೈಡ್ ಹೇಳಿತ್ತು. ಯಾವಾಗ ಬೇಡ ಎಂದು ಹೇಳಿರಲಿಲ್ಲ.

ನೀವು ಹೊಸ ಕ್ಯಾಮೆರಾ ಕೊಂಡರೆ, ಬಟನ್ ಪಾಠಕ್ಕೆ ದುಡ್ಡು ಹಾಕಬೇಡಿ. ಕಂಪನಿಯ ಮ್ಯಾನುವಲ್ ಸಾಮಾನ್ಯವಾಗಿ ಮೊಬೈಲಿನಲ್ಲೇ ಪುಕ್ಕಟೆ ಸಿಗುತ್ತದೆ. ದುಡ್ಡು ಕೊಡುವುದಾದರೆ ಬೆಳಕನ್ನು ಕಲಿಸುವ ಪುಸ್ತಕಕ್ಕೆ ಕೊಡಿ. ಕ್ಯಾಮೆರಾ ಬದಲಾದರೂ ಅದು ಉಳಿಯುತ್ತದೆ. ಮುಖ್ಯ ಕಾರ್ಯಕ್ರಮಕ್ಕೆ ಮೊದಲು ಮನೆಯ ಟ್ಯೂಬ್‌ಲೈಟ್ ಕೆಳಗೆ ಹತ್ತು ಫೋಟೊ ತೆಗೆದು, ದೊಡ್ಡದು ಮಾಡಿ ನೋಡಿ.

ನಾವು ಹಾಗೆ ನೋಡಿರಲಿಲ್ಲ. ಆ ಕಲಾವಿದರು ಮತ್ತೆ ವೇಷ ಹಾಕಲಿಲ್ಲ.